ಅರ್ಥ ಕೊಡು

ಅರಸೀಕೆರೆ, ಬಿ.ಎಚ್. ರಸ್ತೆ, ಗೂಡ್ಸ್‌ಶೆಡ್ಡಿನ ಎದುರಿಗೆ
ಒಂದು ಹುಣಸೆಮರ, ಮರಕ್ಕೆ ಮೊಳೆ ಹೊಡೆದ ತಗಡು:
ಆಟೋ ಎಲೆಕ್ಟ್ರಿಕಲ್ಸ್. ಹೆಸರು ಬರೆಸಿರಲಿಲ್ಲ,
ಅಮೀರ್ ಜಾನರ ಅಂಗಡಿ ಅಂದರೆ ಸಾಕಿತ್ತು.
ಏಳನೇ ಕ್ಲಾಸು ಫೇಲಾದ ಬೇಸಿಗೆಯಿಂದ ನಾನು ಅಲ್ಲಿ.

ಕೆಲಸ: ಬ್ಯಾಟರಿಗೆ ನೀರು ಹಾಕುವುದು, ಟೀ ತರುವುದು,
ಮತ್ತೆ ಯಾರಿಗೂ ಹೇಳಬಾರದ ಇನ್ನೊಂದು.
"ಓಂಕಾರೀ, ಇದು ಯಾವುದ್ಲಾ?"
"ಹಸಿರು."
"ಇದು?"
"ಕೆಂಪು."
ಅವರಿಗೆ ಎರಡೂ ಒಂದೇ, ಒಣಗಿದ ಸಗಣಿಯ ಬಣ್ಣ.
ಮೂವತ್ತು ವರ್ಷ ಲಾರಿಗಳ ಹೊಟ್ಟೆಯೊಳಗೆ ಕೈಯಿಟ್ಟವರು
ಹೆಂಡತಿಗೂ ಹೇಳದ್ದನ್ನು ನನಗೆ ಹೇಳಿದ್ದರು.
ದಿನಕ್ಕೆ ಹನ್ನೆರಡು ರೂಪಾಯಿ. ಅದರಲ್ಲಿ ಕಣ್ಣೂ ಸೇರಿತ್ತು.

ಒಂದು ಸೋಮವಾರ ಮರುಳಪ್ಪ ತಂದ ಗಾಡಿಗೆ
ಮೂತಿ ಲ್ಯಾಂಬ್ರೆಟಾದ್ದು, ಹಿಂದಿನ ಆಕ್ಸಲ್ ಅಂಬಾಸಿಡರಿನದು,
ಲೈಟುಗಳು ಗುಜರಿಗೆ ಬಿದ್ದ ಮೆಟಡಾರಿನವು,
ಬೆನ್ನ ಮೇಲೆ ಕಬ್ಬಿನಹಾಲಿನ ಗಾಣ, ಗೆಜ್ಜೆ ಸಮೇತ.
ಮೈಗೆಲ್ಲ ನೀಲಿ ಬಣ್ಣ, ಮೂರು ಕೋಟು.

ಎಡಗಡೆ ಇಂಡಿಕೇಟರ್ ಹಾಕಿದರೆ
ಬ್ರೇಕ್‌ಲೈಟು ಕಣ್ಣು ಹೊಡೆಯುತ್ತದೆ;
ಬ್ರೇಕ್ ತುಳಿದರೆ ಎರಡೂ ಇಂಡಿಕೇಟರು
ಜ್ವರ ಬಂದಂತೆ ಮಂಕಾಗಿ ಉರಿಯುತ್ತವೆ.
"ಹಿಂದಿನೋನು ಏನಂತ ತಿಳ್ಕಬೇಕು ಸಾಬ್ರೇ?
ನಾನು ನಿಲ್ತೀನಿ ಅಂದ್ರೆ, ತಿರುಗ್ತಾನೆ ಅನ್ಕತಾನೆ.
ಮೊನ್ನೆ ಬಾಣಾವರದ ಹತ್ರ ಹಾಲಿನ ಟೆಂಪೋದೋನು
ಸೀದಾ ಬಂದು ಗಾಣಕ್ಕೇ ಗುದ್ದಿದ."

ಮುಚ್ಚಳ ಬಿಚ್ಚಿದೆ. ಬಿಚ್ಚಿ ಹಾಗೇ ಕೂತೆ.
ಎಲ್ಲ ಕಪ್ಪು.
ಪಂಪ್‌ಸೆಟ್ಟಿನ ಹಳೇ ಕೇಬಲ್ಲು ಸೀಳಿ
ಮರುಳಪ್ಪನೇ ಎಳೆದದ್ದು, ಹದಿನೆಂಟು ಎಳೆ,
ಗಂಟು ಹಾಕಿದಲ್ಲೆಲ್ಲ ಸೈಕಲ್ ಟ್ಯೂಬಿನ ಪಟ್ಟಿ.
"ಯಾವುದ್ಲಾ?" ಅಂದರು, ಅಭ್ಯಾಸ.
"ಎಲ್ಲಾ ಕರೀದೇ, ಸಾಬ್ರೇ."
ಅವರು ಅಷ್ಟು ಜೋರಾಗಿ ನಕ್ಕದ್ದು
ನಾನು ಅದೇ ಮೊದಲು ಕೇಳಿದ್ದು.
"ಹಂಗಾದ್ರೆ ಇವತ್ತು ನೀನೂ ನಾನೂ ಸಮಸಮ. ಸರಿ, ಪಕ್ಕಕ್ಕೆ ಸರಿ."

ಒಂದು ಬಲ್ಬು, ಎರಡು ವೈರು, ಹಲ್ಲು ಮುರಿದ ಮೊಸಳೆ ಕ್ಲಿಪ್ಪು.
ಸ್ವಿಚ್ಚಿಗೆ ಮುಟ್ಟಿಸಿದರು, ಉರಿಯಿತು.
ಫ್ಲಾಶರಿಗೆ: ಉರಿಯಿತು, ಆರಿತು, ಉರಿಯಿತು.
ಹೋಲ್ಡರಿನ ಬಾಯಿಯವರೆಗೂ ಕರೆಂಟು ಬಂದು ನಿಂತಿದೆ.
"ಬರೋ ದಾರಿ ಚೆನ್ನಾಗೈತೆ, ಹೋಗೋ ದಾರಿ ಇಲ್ಲ.
ಅದಕ್ಕೇ ಪಕ್ಕದ ಮನೆ ಹಿತ್ಲಿಂದ ನುಗ್ತಾ ಐತೆ.
ಅರ್ಥ ಇಲ್ಲ ಕಣ್ಲಾ ಇದಕ್ಕೆ."
ಅರ್ತಿಂಗನ್ನು ಅವರು ಅರ್ಥ ಅಂತಲೇ ಅನ್ನುತ್ತಿದ್ದುದು.
ಶಬ್ದಾರ್ಥ ಬರಲಿಲ್ಲವೆಂದು ಮೇಷ್ಟ್ರು ಬಾರಿಸಿದ ಅಂಗೈಯಲ್ಲೇ
ಹ್ಯಾಕ್ಸಾ ಬ್ಲೇಡು ಹಿಡಿದು ನಾನು ಗಾಡಿಯಡಿಗೆ ತೆವಳಿದೆ.

ಬ್ಯಾಟರಿಯ ಮೈನಸ್ಸಿಂದ ಉದ್ದ ವೈರೊಂದು ತಂದು
ಲೈಟಿನ ತಗಡಿಗೆ ಒತ್ತಿ ಹಿಡಿದರು:
ಎಡ ಎಡವಾಯಿತು, ಬ್ರೇಕು ಬ್ರೇಕಾಯಿತು.
ಕೈ ತೆಗೆದರೆ ಮತ್ತದೇ ಚೇಷ್ಟೆ.
"ಬೋಲ್ಟಿನ ಬುಡಕ್ಕೆ ಬೆರಳಿಡು. ನುಣ್ಣಗೈತಾ?"
"ಐತೆ."
"ಇರಬಾರ್ದು. ಕೆರಿ."

ಕೆರೆದೆ. ನೀಲಿ, ನೀಲಿಯ ಕೆಳಗೆ ನೀಲಿ,
ಅದರ ಕೆಳಗೆ ರೆಡ್ಡಾಕ್ಸೈಡು,
ಆಮೇಲೆ ಯಾವ ಬಣ್ಣವೂ ಅಲ್ಲದ
ಕಬ್ಬಿಣ, ಎಂಟಾಣೆಯಷ್ಟಗಲ.
"ಅಯ್ಯೋ, ಹಬ್ಬಕ್ಕೆ ಹೊಡಿಸಿದ್ದು ಕಣ್ರೀ!"
ಮರುಳಪ್ಪನಿಗೆ ತನ್ನ ಚರ್ಮವೇ ಸುಲಿದಂತೆ.
ಬೋಲ್ಟು ಬಿಗಿದು ಮೇಲೆ ಗ್ರೀಸು ಮೆತ್ತಿದೆವು.
ಕೊಟ್ಟದ್ದು ಹದಿನೈದು ರೂಪಾಯಿ, ಎರಡು ಲೋಟ ಕಬ್ಬಿನಹಾಲು.
ನಿಂಬೆ ಜಾಸ್ತಿಯಾಗಿತ್ತು.

ಕತ್ತಲಾಗುವ ಹೊತ್ತು. ಗೆಜ್ಜೆ ಸದ್ದು ಮಾಡುತ್ತ
ಗಾಡಿ ರೈಲ್ವೆ ಗೇಟಿನ ಕಡೆ ಹೋಯಿತು.
ಗೇಟು ಬೀಳುತ್ತಿತ್ತು, ಅವನು ನಿಲ್ಲಲೇಬೇಕು.
ಅಮೀರ್ ಜಾನ್ ರಸ್ತೆಗೇ ಬಂದು
ಹಣೆಗೆ ಕೈ ಅಡ್ಡ ಹಿಡಿದು ನೋಡಿದರು.
ಕೆಂಪು ಅವರಿಗೆ ದೂರದಲ್ಲಿ ಕತ್ತಲೆಯದೇ ಒಂದು ತುಂಡು.
"ಹತ್ತಿತೇನ್ಲಾ?"
ಅಷ್ಟರಲ್ಲಿ ಶಿವಮೊಗ್ಗದ ಬಸ್ಸೊಂದು
ನಡುವೆ ಬಂದು ನಿಂತುಬಿಟ್ಟಿತ್ತು.

"ಹತ್ತಿತು," ಅಂದೆ.