ಮಾದರಿ ಹದಿನೇಳು

ಬೀದರಿನ ಮಣ್ಣು ಕೆಂಪು, ಮಂಗಳನ ಮಣ್ಣೂ ಕೆಂಪು.
ಇಷ್ಟೇ ನೆಪ ಸಾಕಾಯಿತು
ಎರಡು ವರ್ಷದ ಫೆಲೋಶಿಪ್ಪಿಗೆ.
ತಗಡಿನ ಪೆಟ್ಟಿಗೆಯಲ್ಲಿ ಬೆಳಕು ಅಳೆಯುವ ಯಂತ್ರ,
ಹೆಗಲಿಗೊಂದು ಜರಡಿ, ಚೀಲಕ್ಕೊಂದು ನಂಬರು.
ಮುರುಮಿನ ಖಣಿ, ರಸ್ತೆ ಅಗಲಿಸಿದ ದಂಡೆ,
ಪಾಪನಾಶದ ಇಳಿಜಾರು,
ಎಲ್ಲಿ ಅಗೆದರೂ ತುಕ್ಕು ಹಿಡಿದ ಕಬ್ಬಿಣದ್ದು ಒಂದೇ ಮಾತು:
ಇಲ್ಲಿ ನೀರಿತ್ತು, ಇಲ್ಲಿ ನೀರಿತ್ತು.

ಅಲ್ಲಿಯೂ ಅದನ್ನೇ ಹೇಳುತ್ತದಂತೆ.
ಆರು ಗಾಲಿಯ ಗಾಡಿ ಒಬ್ಬಂಟಿ ನಿಂತು
ಕಲ್ಲಿಗೆ ಬೆಳಕು ಚುಚ್ಚಿ ಕೇಳುತ್ತದೆ.
ಆ ಸುದ್ದಿ ನಮಗೆ ಮುಟ್ಟಲು ಹನ್ನೆರಡು ನಿಮಿಷ,
ಚಹಾ ಆರಿ ಕೆನೆ ಕಟ್ಟುವಷ್ಟು ಹೊತ್ತು.
ಯಾದಗಿರಿಯ ಸೋದರತ್ತೆ ಮಾತ್ರ
ಅದು ನನ್ನ ಎಂಟನೇ ಮನೆಯಲ್ಲೇ ಕೂತಿದೆ ಅನ್ನುತ್ತಾಳೆ,
ಏಳಲು ಒಲ್ಲದು.

ಮಸ್ತಾನ್ ಉಸ್ತಾದರ ಅಂಗಡಿಗೆ ಹೋದದ್ದು
ಕೋಟೆಯ ಮಣ್ಣು ಕೇಳಲಿಕ್ಕೆ.
ಸತುವಿನ ಹೂಜಿಗೆ ಬೆಳ್ಳಿ ತಂತಿ ಕೂರಿಸುತ್ತಿದ್ದರು.
ಇನ್ನೂ ಬೂದಿ ಬಣ್ಣದ್ದು;
ಕಪ್ಪಾಗುವುದು ಕೊನೆಗೆ, ನವಸಾಗರದ ಜೊತೆ
ಆ ಮಣ್ಣು ಕುದಿದಾಗ.

ಡಬ್ಬಿ ತೆಗೆದರು. ಒಂದು ಚಿಟಿಕೆ
ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದರು.
ನನ್ನ ಯಂತ್ರಕ್ಕೆ ನಲವತ್ತು ಸೆಕೆಂಡು ಬೇಕು,
ಅವರಿಗೆ ಅಷ್ಟು ಬೇಕಾಗಲಿಲ್ಲ. ಉಗುಳಿದರು.
"ಇದು ನಡಿಯಂಗಿಲ್ಲ ಬೇಟಿ. ಮಳಿ ತಾಗ್ಯದ.
ನಮ್ಮ ಕೆಲಸಕ್ಕ ಮಳಿ ಕಾಣದ ಮಣ್ಣೇ ಬೇಕು,
ಬಿಸಲು ಕಾಣದ್ದು,
ಛತ್ತಿನ ಕೆಳಗ ನೂರಾರು ವರ್ಷ ಸುಮ್ಮನ ಮಲಗಿದ್ದು."

ತಮಾಷೆಗೆ ಅಂದೆ: ಮಂಗಳದಾಗ
ಮುನ್ನೂರು ಕೋಟಿ ವರ್ಷದಿಂದ ಮಳಿ ಆಗಿಲ್ಲ ಉಸ್ತಾದ್.

ಉಳಿ ಕೆಳಗಿಟ್ಟರು.
ಕನ್ನಡಕ ಹಣೆಗೇರಿಸಿ
ಎದುರಿನ ಕ್ಯಾಲೆಂಡರನ್ನೇ ನೋಡುತ್ತ
ಏನೋ ಲೆಕ್ಕ ಹಾಕಿದರು.
"ಒಂದು ಮುಟಗಿ ತರಸ್ಲಿಕ್ಕ ಬರ್ತದೇನು?
ಎಷ್ಟು ಕಪ್ಪಾಗ್ತದ ನೋಡಬೇಕಿತ್ತು."

ಅಲ್ಲಿಯ ಮಣ್ಣಿನಲ್ಲಿ ವಿಷದ ಉಪ್ಪಿದೆ ಎಂದೆ,
ನಾಲಿಗೆಗೆ ಇಡುವಂತಿಲ್ಲ,
ಈವರೆಗೆ ಯಾರೂ ಇಟ್ಟಿಲ್ಲ.
ಅವರು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ:
ಅರವತ್ತು ವರ್ಷದಿಂದ ಆ ಮನೆಗೆ ಹೋಗಿಬರುತ್ತೀರಿ,
ಒಂದು ತುತ್ತೂ ಉಂಡಿಲ್ಲವೆ?

ಮಳೆ ತಾಗಿದ ಆ ಮಣ್ಣನ್ನೇ
ಉರ್ದು ಪೇಪರಿನಲ್ಲಿ ಪೊಟ್ಟಣ ಕಟ್ಟಿ ಕೊಟ್ಟರು.
ಮಾದರಿ ಹದಿನೇಳು.

ರಾತ್ರಿ, ಚೌಬಾರಾದ ಹಿಂದಿನ ಬಾಡಿಗೆ ಕೋಣೆ.
ಕರೆಂಟು ಹೋಗಿ ಬಂತು. ಪರದೆಯ ಮೇಲೆ
ಮಣ್ಣಿನ ಗೆರೆ ಎರಡು ಕಡೆ ತಗ್ಗಿತ್ತು.
ಮಂಗಳನ ಗೆರೆಯೂ ಸರಿಸುಮಾರು ಅಲ್ಲೇ ತಗ್ಗುತ್ತದೆ.
ಆ 'ಸರಿಸುಮಾರು' ಎಂಬುದರೊಳಗೇ
ನನ್ನ ಇಡೀ ಪ್ರಬಂಧ ಇದೆ.

ನಾನು ಹೊಟ್ಟೆಯಲ್ಲಿದ್ದಾಗ ಅವ್ವ
ಹಿತ್ತಲ ಗೋಡೆ ಕೆರೆದು ತಿನ್ನುತ್ತಿದ್ದಳಂತೆ,
ಅಜ್ಜಿ ಬೈದರೂ ಬಿಡದೆ, ಸೆರಗಿನಲ್ಲಿ ಕಟ್ಟಿಕೊಂಡು.
ಏನು ಹುಡುಕುತ್ತಿದ್ದಳೋ. ಕೇಳಲಿಲ್ಲ ನಾನು.

ಪೊಟ್ಟಣ ಬಿಚ್ಚಿದೆ. ಬೆರಳು ಒದ್ದೆ ಮಾಡಿಕೊಂಡೆ.
ಉಸ್ತಾದರು ಕಂಡ ಮಳೆ ಇದರಲ್ಲಿ ಎಲ್ಲಿದೆ,
ಯಾವ ವರ್ಷದ್ದು ಎಂದು
ಬಹಳ ಹೊತ್ತು ಬಾಯಿ ಮುಚ್ಚಿ ಕೂತೆ.

ವಹಿಯಲ್ಲಿ ಬಣ್ಣ, ತೂಕ, ತೇವಾಂಶ ತುಂಬಿಯಾಗಿತ್ತು.
'ಷರಾ' ಎಂಬ ಕಡೆಯ ಕಾಲಮಿನಲ್ಲಿ ಬರೆದೆ:
ಮೊದಲು ಸಪ್ಪೆ.
ಆಮೇಲೆ ಕಬ್ಬಿಣದ ಹಂಚು ತೊಳೆದ ನೀರು.
ಮಳೆ ಸಿಗಲಿಲ್ಲ.

ಗೈಡ್ ಇದನ್ನು ಹೊಡೆದು ಹಾಕುತ್ತಾರೆ, ಗೊತ್ತು.
ದವಡೆಯ ಸಂದಿಗೆ ಸಿಕ್ಕ ಒಂದು ಕಣ
ಬೆಳಗಿನ ತನಕ ಕರಗಲಿಲ್ಲ.