ಹತ್ತು ದಿರ್ಹಮ್

ಶಾರ್ಜಾದ ರೋಲಾದಲ್ಲಿ, ಕರಕ್ ಚಹಾದ ಕಿಟಕಿಗೆ ತಾಗಿ
ನಮ್ಮ ಟೈಪಿಂಗ್ ಅಂಗಡಿ.
ಹತ್ತೊಂಬತ್ತು ವರ್ಷದಿಂದ ಇಲ್ಲೇ ಕೂತು
ಬೇರೆಯವರ ಮಾತನ್ನು ಅರಬಿಯಲ್ಲಿ ಕುಟ್ಟುತ್ತೇನೆ:
ವೀಸಾ ಬದಲಿ, ಬಾಡಿಗೆ ಕರಾರು, ಕಳೆದುಹೋದ ಪಾಸ್‌ಪೋರ್ಟು.
ಕೊನೆಗೆ ತಪ್ಪದೆ ಒಂದು ಸಾಲು:
ತಾವು ಕೃಪೆ ತೋರಬೇಕು.

ಗುರುವಾರ, ಮಗ್ರಿಬ್ ಬಾಂಗಿನ ಹೊತ್ತಿಗೆ
ಬೈಂದೂರು ಕಡೆಯ ಹೆಂಗಸೊಬ್ಬಳು ಬಂದಳು, ಸುಗುಣ.
ದುಪಟ್ಟಾದ ಹಿಂದೆ ಒಂದು ಹುಡುಗಿ,
ಐದು ತುಂಬಿರಬಹುದು, ಕಾಲಿಗೆ ಯಾರದ್ದೋ ಚಪ್ಪಲಿ.
"ಶಾಲಿಗ್ ಹಾಕ್ಕಿತ್ತ್ ಅಣ್ಣ. ಕಾಗ್ದ ಕೇಂತ್ರ್."

ಹುಟ್ಟಿದ ಚೀಟಿ? ಇಲ್ಲ.
ಮದುವೆಯದ್ದು? ಅವನೇ ಕೊಂಡುಹೋದ, ಅವನೂ ಹೋದ.
ಆಸ್ಪತ್ರೆ? ಕೋಣೆಯಲ್ಲೇ ಹೆತ್ತದ್ದು.
ಮೇಲಿನ ಮಂಚದ ಮರಿಸೆಲ್ ಹೊಕ್ಕುಳು ಕತ್ತರಿಸಿದ್ದು,
ನೂಡಲ್ಸ್ ಪೊಟ್ಟಣದ ಕತ್ತರಿಯಲ್ಲಿ, ಕುದಿಸಿ.
ತಾರೀಖು?
ರಂಜಾನಿನ ಎರಡನೆಯ ರಾತ್ರಿ. ಏಸಿ ಕೆಟ್ಟು
ಕಟ್ಟಡದವರೆಲ್ಲ ಮೆಟ್ಟಿಲ ಮೇಲೆ ಕೂತಿದ್ದರು.

ನನ್ನ ಬಾಯಿಗೆ ಬಂದೇ ಬಿಟ್ಟಿತ್ತು ಆ ಮಾತು:
ಮೊದಲು ಕಾಗದ ತಗೊಂಡು ಬನ್ನಿ.
ಎಂಟು ವರ್ಷದ ಹಿಂದೆ ಇನ್ನೊಬ್ಬಳಿಗೆ ಹಾಗೆಂದಿದ್ದೆ.
ಅವಳ ಕಂಕುಳಲ್ಲೂ ಒಂದು ಮಗು.
ಜೆರಾಕ್ಸಿನದ್ದೆಂದು ಹತ್ತು ದಿರ್ಹಮ್ ತೆಗೆದುಕೊಂಡೆ.
ಮತ್ತೆ ಬರಲಿಲ್ಲ.
ಹೆಸರು ನೆನಪಿಲ್ಲ. ನೋಟನ್ನು ಎಂಟಾಗಿ ಮಡಿಸಿದ್ದಳು,
ಆ ಮಡಿಕೆ ನೆನಪಿದೆ.

"ಮಗುವನ್ನು ಕಿತ್ಕೊಂಡ್ರೆ?" ಎಂದಳು ಸುಗುಣ.
ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ.
ಕ್ಲಿನಿಕ್ಕಿನ ಗೋಡೆಯಲ್ಲಿ, ಲಸಿಕೆಯ ಚಿತ್ರದ ಕೆಳಗೆ
ಮಕ್ಕಳಿಗೆಂದು ಒಂದು ಪುಕ್ಕಟೆ ನಂಬರು ಇತ್ತಲ್ಲ,
ಸಕ್ಕರೆ ಕಾಯಿಲೆಯವನು ನಾನು, ಎಷ್ಟು ಸಲ
ಅದಕ್ಕೇ ತಲೆ ಆನಿಸಿ ಕೂತಿದ್ದೇನೆ!
ಅಂಗಡಿ ಬಿಟ್ಟು ಓಡಿ, ಅಂಗೈಯಲ್ಲಿ ಬರೆದುಕೊಂಡು ಬಂದೆ.

ಆಚೆ ಹೆಣ್ಣು ದನಿ. ಮೌಜಾ ಅಂತೆ ಹೆಸರು.
ಮೊದಲು ಕೇಳಿದ್ದು ವೀಸಾ ಅಲ್ಲ,
ಮಗು ಉಂಡಿದೆಯಾ ಅಂತ.
ಆಮೇಲೆ ಮೆಲ್ಲಗೆ, ಬಿಡಿಸಿ ಬಿಡಿಸಿ ಹೇಳಿದಳು:
ಹೆಸರು ಮಗುವಿನ ಹಕ್ಕ್.
ತಂದೆ ಓಡಿಹೋದರೂ ಅದು ಓಡಿಹೋಗುವುದಿಲ್ಲ.

ಸುಗುಣ ತಟ್ಟನೆ ತಲೆಯೆತ್ತಿದಳು.
"ಹಕ್ಕು ಅಂದ್ರಾ? ಅವ್ರಿಗೆ ಕನ್ನಡ ಬತ್ತಾ?"
ಇಲ್ಲ ತಂಗಿ, ನಮಗೇ ಅವರದ್ದು ಬರುತ್ತದೆ.
ಹಕ್ಕು, ವಕೀಲ, ಕಾನೂನು, ಅರ್ಜಿ,
ತಾಲೂಕು ಕಚೇರಿಯ ಬಾಗಿಲಲ್ಲಿ
ನಿನ್ನಪ್ಪ ನನ್ನಪ್ಪ ಕೈಕಟ್ಟಿ ನಿಂತು ಕೇಳಿದ್ದೆಲ್ಲ
ಈ ಭಾಷೆಯಿಂದ ಹೊರಟ ಮಾತು.
ಅರ್ಥ ದಾರಿಯಲ್ಲಿ ಎಲ್ಲೋ ಇಳಿದುಹೋಗಿ
ಊರಿಗೆ ಹೆದರಿಕೆ ಮಾತ್ರ ತಲುಪಿರಬೇಕು.

ಟೈಪು ಮಾಡಲು ಕೂತೆ.
ಬೆರಳು ತಾನೇ ಬರೆಯಿತು: ಕೃಪೆ ತೋರಬೇಕು.
ಅಳಿಸಿದೆ.
ಅಲ್ಲೇನು ಬರೆಯಬೇಕೆಂದು ಬಹಳ ಹೊತ್ತು ತಿಳಿಯಲಿಲ್ಲ.
ಖಾಲಿ ಜಾಗದಲ್ಲಿ ಗೆರೆಯೊಂದು ಮಿಣುಕುತ್ತಿತ್ತು.

ಹಳೆಯ ಕ್ಯಾಲೆಂಡರು ತೆಗೆದು ಚಂದ್ರನನ್ನು ಹಿಂದಕ್ಕೆ ಎಣಿಸಿ
ಒಂದು ತಾರೀಖು ಹಿಡಿದೆವು.
ಮರಿಸೆಲ್ ತನ್ನ ದ್ವೀಪದಿಂದ ದನಿ ಕಳಿಸಿದಳು,
ಹಿಂದೆ ಕೋಳಿ ಕೂಗುತ್ತಿತ್ತು:
ಹೌದು, ಆ ರಾತ್ರಿಯೇ. ಮಗು ಅಳಲಿಲ್ಲ, ಸೀನಿತು.
ಇದು ಸಾಕ್ಷಿಯಾಗುತ್ತದೋ ಇಲ್ಲವೋ
ಮೌಜಾಗೂ ಗೊತ್ತಿಲ್ಲ. ಸೋಮವಾರ ಬನ್ನಿ, ನಾನೂ ಇರುತ್ತೇನೆ ಎಂದಳು.

ಹೆಸರೆಂತ ಎಂದು ತಾಯಿಯನ್ನು ಕೇಳಿದ್ದೆ.
ಉತ್ತರ ಮೇಜಿನ ಕೆಳಗಿನಿಂದ ಬಂತು,
ಗಟ್ಟಿಯಾಗಿ: "ತನ್ವಿತಾ."
ಅರಬಿಯಲ್ಲಿ ಆ ವ ಅನ್ನು ಬರೆಯುವಾಗ ತಡವರಿಸಿದೆ.

ಸೋಮವಾರ ಮೂರು ಆದವು. ಫೈಲು ಯಾವುದೋ ಮೇಜಿನ ಮೇಲಿದೆ.
ಹುಡುಗಿ ಸಂಜೆ ಬಂದು
ಹಾಳಾದ ಫಾರಮ್ಮುಗಳ ಬೆನ್ನ ಮೇಲೆ
ತ ತ ತ ಎಂದು ತಿದ್ದುತ್ತಾಳೆ.

ಅವತ್ತು ದುಡ್ಡು ಬೇಡವೆಂದಿದ್ದೆ.
ಸ್ಟೇಪ್ಲರಿನ ಅಡಿಗೆ ಸುಗುಣ ಇಟ್ಟು ಹೋದ ಹತ್ತರ ನೋಟು
ಇನ್ನೂ ಅಲ್ಲೇ ಇದೆ.
ಲೆಕ್ಕಕ್ಕೆ ಬರೆದಿಲ್ಲ, ಕಿಸೆಗೂ ಹಾಕಿಲ್ಲ.