ನಿರ್ನಾಳ

ಹತ್ತನೇ ಇಯತ್ತೆಯ ವಿಜ್ಞಾನದ ಪುಸ್ತಕದಲ್ಲಿ
ಇವಕ್ಕೆಲ್ಲ ಒಂದೇ ಹೆಸರಿತ್ತು: ನಿರ್ನಾಳ ಗ್ರಂಥಿ.
ನಾಳವಿಲ್ಲ, ಕಾಲುವೆಯಿಲ್ಲ, ವಿಳಾಸ ಬರೆದ ಲಕೋಟೆಯಿಲ್ಲ,
ನೆತ್ತರಿಗೆ ಸುರಿದು ಸುಮ್ಮನಾಗುತ್ತವೆ;
ತಲುಪುವಲ್ಲಿಗೆ ತಲುಪುತ್ತದೆ.
ಮೇದೋಜೀರಕವೆಂದರೆ ನಾನು
ಹೊಟ್ಟೆಯೊಳಗಿನ ಜೀರಿಗೆ ಡಬ್ಬಿ ಅಂದುಕೊಂಡಿದ್ದೆ, ಬೆಟಗೇರಿಯಲ್ಲಿ.

ಈಗ ಮೂವತ್ತೆಂಟು ದಾಟಿ, ಸ್ಟೋಕ್ ಆನ್ ಟ್ರೆಂಟಿನಲ್ಲಿ,
ಹತ್ತೊಂಬತ್ತರ ಹುಡುಗಿಯರ ನಡುವೆ ಕೂತು
ಅವೇ ಗ್ರಂಥಿಗಳಿಗೆ ಮತ್ತೆ ಬಾಣದ ಗುರುತು ಎಳೆಯುತ್ತಿದ್ದೇನೆ.
ಸೋಮವಾರ ಪರೀಕ್ಷೆ.
ಥೈರಾಯ್ಡ್ ಹೆಚ್ಚಾದವರು ಹಿಮದಲ್ಲೂ ಕಿಟಕಿ ತೆರೆಯುತ್ತಾರೆ,
ಕಡಿಮೆಯಾದವರಿಗೆ ಬೇಸಿಗೆಯಲ್ಲೂ ಸ್ವೆಟರು.
ಅಡ್ರಿನಲ್ ಬತ್ತಿದರೆ ನಾಲಗೆ ಉಪ್ಪು ಉಪ್ಪು ಎನ್ನುತ್ತದೆ,
ಮೈ ಕಂಚಿನ ಬಣ್ಣಕ್ಕೆ ತಿರುಗುತ್ತದೆ
ಅಂತ ಪುಸ್ತಕ.
ಹುಟ್ಟಾ ಕಂಚಿನವರು ಏನು ಮಾಡಬೇಕು?
ಕೈಯೆತ್ತಿ ಕೇಳಿಯೇಬಿಟ್ಟೆ. ಮೇಡಂ ತುಸು ತಡೆದು
ಅಂಗೈ ಗೆರೆ ನೋಡು, ಒಸಡು ನೋಡು ಅಂದರು.
ಪುಟದ ಅಂಚಿನಲ್ಲಿ ಬರೆದುಕೊಂಡೆ, ಕನ್ನಡದಲ್ಲಿ.

ವಾರ್ಡಿನಲ್ಲಿ ಮೊದಲ ವಾರವೇ ಎಡವಿದೆ.
ಕೆನ್ ಬೊಸ್ಟಾಕ್ ಅಜ್ಜ, ಎಪ್ಪತ್ತಮೂರು, ಕಿಟಕಿ ಪಕ್ಕದ ಮಂಚ,
ಲಾಂಗ್ಟನ್ನಿನ ಭಟ್ಟಿಯಲ್ಲಿ ವರ್ಷಗಟ್ಟಲೆ ಪಿಂಗಾಣಿ ಸುಟ್ಟವನು.
ಬೆರಳು ಚುಚ್ಚಿದೆ: ಇಪ್ಪತ್ತೊಂದು ಪಾಯಿಂಟ್ ನಾಲ್ಕು.
ಸಿಸ್ಟರ್ ಟನಿಕ್ಲಿಫ್ ಇದ್ದಲ್ಲಿಗೆ ಓಡಿದೆ.
ಆಕೆ ಬಂದವಳು ಮೀಟರ್ ನೋಡಲಿಲ್ಲ,
ತಟ್ಟೆಯಲ್ಲಿದ್ದ ಕಿತ್ತಳೆ ಸಿಪ್ಪೆ ನೋಡಿದಳು.
'ಮೊದಲು ಕೈ ತೊಳೆಸು, ಡಕ್.'
ಈ ಊರಲ್ಲಿ ಎಲ್ಲರೂ ಎಲ್ಲರಿಗೂ ಬಾತುಕೋಳಿ.
ತೊಳೆಸಿ, ಒರೆಸಿ, ಬೆರಳ ಪಕ್ಕಕ್ಕೆ ಚುಚ್ಚಿದೆ: ಎಂಟು ಪಾಯಿಂಟ್ ಒಂಬತ್ತು.
ಉಳಿದದ್ದೆಲ್ಲ ಹಣ್ಣಿನದು.
'ನಾನು ಇಷ್ಟು ಸಿಹಿ ಅಂತ
ನನ್ನ ಡಾಟ್‌ಗೆ ಯಾರಾದರೂ ಹೇಳಬೇಕಿತ್ತು' ಅಂದ ಅಜ್ಜ.

ಅವನ ಎಡಗಾಲ ಹೆಬ್ಬೆರಳ ಬುಡದಲ್ಲಿ ನಾಣ್ಯದಗಲ ಹುಣ್ಣು.
ಹೇಗಾಯಿತು? ಗೊತ್ತಿಲ್ಲ. ಯಾವಾಗ? ಗೊತ್ತಿಲ್ಲ.
ಬೂಟಿನೊಳಗೆ ಕೈ ಹಾಕಿ ನೋಡಬೇಕು ಅಂತ ಪಾಠ.
ಹಾಕಿದೆ. ಬೆರಳಿಗೆ ಸಿಕ್ಕಿತು
ಒಂದು ಪೆಪ್ಪರ್‌ಮಿಂಟು.
ಸಕ್ಕರೆ ಕುಸಿದಾಗ ಇರಲಿ ಅಂತ ಜೇಬಿಗೆ ಹಾಕಿಕೊಂಡದ್ದು.
ಹದಿನೈದು ಗ್ರಾಂ ಸಿಹಿ, ಹದಿನೈದು ನಿಮಿಷ ಕಾಯುವುದು, ಮತ್ತೆ ಚುಚ್ಚಿ ನೋಡುವುದು:
ಅವನಿಗೆ ಬಾಯಿಪಾಠ.
ಯಾವಾಗಲೋ ಒಂದು ಜಾರಿ, ಒಡೆದು, ಅಂಚು ಗಾಜಾಗಿ,
ಅಟ್ಟೆಗೆ ಅಂಟಿಕೊಂಡು ಕೂತಿದೆ.
ಎಷ್ಟು ದಿನವೋ ಅದರ ಮೇಲೆಯೇ ನಡೆದಿದ್ದಾನೆ,
ನಮ್ಮ ದೋಸೆಯ ದೂರದ ತಮ್ಮನಂತಿರುವ
ಓಟ್‌ಕೇಕ್ ತರಲು ಅಂಗಡಿಗೆ,
ಡಾಟ್‌ಳ ಗೋರಿಗೆ, ಏರು ಹತ್ತಿ ಮರಳಿ ಮನೆಗೆ.
ಬೆಟಗೇರಿಯಲ್ಲಾಗಿದ್ದರೆ ಬೆಳಗಾಗುವಷ್ಟರಲ್ಲಿ
ಇರುವೆ ಸಾಲುಗಟ್ಟಿ ಬಂದು ಹೇಳುತ್ತಿದ್ದವು.
ಇಲ್ಲಿಯ ಚಳಿಯಲ್ಲಿ ಚಾಡಿ ಹೇಳುವವರಿಲ್ಲ.

'ಇದೇ ಕಾಲು' ಅಂದ, 'ನೆಲ ಮೆಟ್ಟಿದರೆ ಸಾಕು,
ಭಟ್ಟಿ ಎಷ್ಟು ಕಾದಿದೆ ಅಂತ ಹೇಳುತ್ತಿತ್ತು.
ಮುಳ್ಳಿನ ಗಡಿಯಾರ ಆಮೇಲೆ ನೋಡುತ್ತಿದ್ದೆವು, ಶಾಸ್ತ್ರಕ್ಕೆ.'

ಇನ್ನು ನೈಲಾನ್ ಎಳೆಯ ಪರೀಕ್ಷೆ.
ಕಣ್ಣು ಮುಚ್ಚಿ. ಮುಟ್ಟಿದಾಗ 'ಈಗ' ಅನ್ನಿ.
ಎಳೆ ಬಿಲ್ಲಿನಂತೆ ಬಾಗುವಷ್ಟು ಒತ್ತಬೇಕು, ಅದಕ್ಕಿಂತ ಹೆಚ್ಚಲ್ಲ;
ಹುಣ್ಣಿನ ಮೇಲೆ ಬೇಡ, ದಡ್ಡು ಕಟ್ಟಿದಲ್ಲಿ ಬೇಡ,
ಒಂದೇ ತಾಳದಲ್ಲೂ ಬೇಡ, ಊಹಿಸಿಬಿಡುತ್ತಾರೆ.
ಹೆಬ್ಬೆರಳ ತುದಿ. ಸುಮ್ಮನಿದ್ದ.
ನಡುಬೆರಳು. ಸುಮ್ಮನಿದ್ದ.
ಪಾದದ ಬದಿ.
ನಾನು ಉಸಿರು ಹಿಡಿದದ್ದು ಕೇಳಿಸಿತೋ ಏನೋ,
'ಈಗ' ಅಂದ.
ಎಳೆ ನನ್ನ ಕೈಯಲ್ಲಿತ್ತು, ಗಾಳಿಯಲ್ಲಿ.
'ಈಗ' ಅಂದ ಮತ್ತೆ, ತುಸು ಮೆಲ್ಲಗೆ,
ಕಲಿಯುವ ಹುಡುಗಿ ನೊಂದುಕೊಳ್ಳಬಾರದಲ್ಲ ಎಂಬಂತೆ.

ಹೌದು ಅಜ್ಜ, ಅಂದೆ.
ಹಾಳೆಯಲ್ಲಿ ಬರೆದೆ: ಎಡಗಾಲು, ಸೊನ್ನೆ.

ಸೋಮವಾರ ಕೇಳಿದ್ದರು: ನರಹಾನಿಯ ಲಕ್ಷಣ ನಾಲ್ಕು ಬರೆಯಿರಿ.
ನಾಲ್ಕು ಬರೆದೆ.
ಹೊರಗೆ ಬಸ್ಸು ತಡವಾಗಿತ್ತು.
ಬಲಗಾಲ ಬೂಟಿನಲ್ಲಿ ಎಲ್ಲಿಂದಲೋ ಸೇರಿದ್ದ ಒಂದು ಹರಳು
ಹೆಜ್ಜೆಹೆಜ್ಜೆಗೂ ಚುಚ್ಚುತ್ತಿತ್ತು.
ಮನೆ ಮುಟ್ಟುವತನಕ ತೆಗೆಯಲಿಲ್ಲ.